ಮನೆ ಮೇಲಿನ ಡಿಶ್‌ಗೆ ಇನ್ನೆಷ್ಟು ಆಯಸ್ಸು?

ಉಪಗ್ರಹಗಳ ಬಗ್ಗೆ ಈಚೆಗೆ ಬರುವ ಸುದ್ದಿಗಳು ಒಂದಕ್ಕೊಂದು ತಾಳೆಯೇ ಆಗುವುದಿಲ್ಲ. ಒಂದು ಕಡೆ ಸಾವಿರಗಟ್ಟಲೆ ಹೊಸ ಉಪಗ್ರಹಗಳು ಮೇಲಕ್ಕೆ ಹಾರುತ್ತಿವೆ. ಇನ್ನೊಂದು ಕಡೆ ಉಪಗ್ರಹ ಟಿವಿ ಕಂಪನಿಗಳ ಗ್ರಾಹಕರು ಕರಗುತ್ತಿದ್ದಾರೆ. ಅಮೆರಿಕದ ಡೈರೆಕ್‌ಟಿವಿ ಮತ್ತು ಡಿಶ್ ನೆಟ್‌ವರ್ಕ್ ಒಂದಾಗುತ್ತೇವೆ ಎಂದು 2024ರ ಸೆಪ್ಟೆಂಬರ್‌ನಲ್ಲಿ ಹೇಳಿದವು. ಸಾಲ ಕೊಟ್ಟವರು ಒಪ್ಪಲಿಲ್ಲ, ನವೆಂಬರ್‌ನಲ್ಲಿ ಮಾತುಕತೆ ಮುರಿದುಬಿತ್ತು. 2025ರ ಜುಲೈನಲ್ಲಿ ಯುರೋಪಿನ ಉಪಗ್ರಹ ಕಂಪನಿ ಎಸ್‌ಇಎಸ್ ತನ್ನ ಹಳೆಯ ಪ್ರತಿಸ್ಪರ್ಧಿ ಇಂಟೆಲ್‌ಸ್ಯಾಟ್ ಅನ್ನು ಕೊಂಡುಕೊಂಡಿತು. ಡಿಶ್ ಹಾಕಿಯೇ ಬೆಳೆದ ಬ್ರಿಟನ್ನಿನ ಸ್ಕೈ 2021ರಲ್ಲೇ ಡಿಶ್ ಬೇಡದ ಟಿವಿಯನ್ನು ಮಾರಾಟಕ್ಕೆ ಇಟ್ಟಿತ್ತು.

ಹಾಗಾದರೆ ಉಪಗ್ರಹಕ್ಕೆ ಬಂದಿರುವುದು ಒಳ್ಳೆಯ ಕಾಲವೋ, ಕೆಟ್ಟ ಕಾಲವೋ? ಗೊಂದಲ ಆಗುವುದು ಸಹಜ. ಎರಡೂ ಸುದ್ದಿ ನಿಜ. ಆದರೆ ಅವು ಎರಡು ಬೇರೆ ಬಗೆಯ ಉಪಗ್ರಹಗಳ ಸುದ್ದಿ. ಟಿವಿ ಉಪಗ್ರಹದ ಕೆಲಸ ಬೇರೆ, ಇಂಟರ್ನೆಟ್ ಉಪಗ್ರಹದ ಕೆಲಸ ಬೇರೆ. ಇಷ್ಟನ್ನು ಬಿಡಿಸಿಕೊಂಡರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಡಿಶ್ ಉಳಿಯುತ್ತದೋ ಇಲ್ಲವೋ ಎನ್ನುವುದನ್ನು ತಂತ್ರಜ್ಞಾನ ತೀರ್ಮಾನ ಮಾಡುವುದಿಲ್ಲ. ಅದನ್ನು ತೀರ್ಮಾನ ಮಾಡುವುದು ಖರ್ಚಿನ ಲೆಕ್ಕ.

## ಓಡುತ್ತಲೇ ನಿಂತಿರುವ ಉಪಗ್ರಹ

ಡಿಶ್ ಅನ್ನು ಒಮ್ಮೆ ಸರಿಯಾಗಿ ಕೂರಿಸಿದರೆ ವರ್ಷಗಟ್ಟಲೆ ಅದೇ ದಿಕ್ಕಿಗೆ ಮುಖ ಮಾಡಿ ನಿಂತಿರುತ್ತದೆ. ಉಪಗ್ರಹವೂ ಆಕಾಶದ ಒಂದೇ ಜಾಗದಲ್ಲಿ ನಿಂತ ಹಾಗೆ ಕಾಣುವುದರಿಂದ ಇದು ಸಾಧ್ಯ. ಟಿವಿ ಉಪಗ್ರಹಗಳು ಭೂಮಧ್ಯರೇಖೆಯ ನೇರ ಮೇಲೆ, ಸುಮಾರು 35,786 ಕಿ.ಮೀ. ಎತ್ತರದಲ್ಲಿ ಸುತ್ತುತ್ತವೆ. ಆ ಎತ್ತರದಲ್ಲಿ ಒಂದು ಸುತ್ತಿಗೆ 23 ಗಂಟೆ 56 ನಿಮಿಷ ಹಿಡಿಯುತ್ತದೆ. ಭೂಮಿ ತನ್ನ ಅಕ್ಷದ ಮೇಲೆ ಒಮ್ಮೆ ತಿರುಗುವುದಕ್ಕೂ ಅಷ್ಟೇ ಹೊತ್ತು. ಹಾಗಾಗಿ ಉಪಗ್ರಹ ಸೆಕೆಂಡಿಗೆ ಮೂರು ಕಿ.ಮೀ. ವೇಗದಲ್ಲಿ ಓಡುತ್ತಿದ್ದರೂ ಕೆಳಗಿನಿಂದ ನೋಡಿದವರಿಗೆ ಅಲ್ಲಾಡುವುದೇ ಇಲ್ಲ.

ಶುರುವಿನಲ್ಲಿ ಹೀಗಿರಲಿಲ್ಲ. 1962ರಲ್ಲಿ ಅಟ್ಲಾಂಟಿಕ್ ಸಾಗರದ ಆಚೆಗೆ ಟಿವಿ ಚಿತ್ರ ದಾಟಿಸಿದ ಟೆಲ್‌ಸ್ಟಾರ್ ತುಂಬಾ ಕೆಳಗಿನ ಕಕ್ಷೆಯಲ್ಲಿತ್ತು. ಒಂದು ಸುತ್ತಿನಲ್ಲಿ ಸುಮಾರು 20 ನಿಮಿಷ ಮಾತ್ರ ಅದು ಎರಡೂ ದಡಗಳಿಗೆ ಕಾಣುತ್ತಿತ್ತು. ಅಷ್ಟೂ ಹೊತ್ತು ನೆಲದ ಮೇಲಿನ ದೈತ್ಯ ಆಂಟೆನಾಗಳು ಅದರ ಬೆನ್ನು ಹತ್ತಿ ತಿರುಗಬೇಕಿತ್ತು. ಮನೆಮನೆಗೆ ಅಂಥ ಆಂಟೆನಾ ಕೊಡುವುದು ಆಗದ ಮಾತು. ಎತ್ತರದ ಕಕ್ಷೆಗೆ ಸೇರಿದ ಸಿಂಕಾಮ್ 3 ಎಂಬ ಉಪಗ್ರಹ 1964ರ ಟೋಕಿಯೋ ಒಲಿಂಪಿಕ್ಸ್ ಚಿತ್ರಗಳನ್ನು ಅಮೆರಿಕಕ್ಕೆ ತಲುಪಿಸಿದ ಮೇಲೆ ದಾರಿ ಗಟ್ಟಿಯಾಯಿತು. 1975–76ರಲ್ಲಿ ನಾಸಾದ ಎಟಿಎಸ್-6 ಉಪಗ್ರಹದ ಮೂಲಕ ಭಾರತದ 2,400 ಹಳ್ಳಿಗಳಿಗೆ ನೇರವಾಗಿ ಟಿವಿ ತಲುಪಿಸುವ ಪ್ರಯೋಗ ನಡೆಯಿತು. ಆಗ ಬೇಕಿದ್ದ ಡಿಶ್ ಮೂರು ಮೀಟರ್ ಅಗಲ. ಈಗ 60 ಸೆಂ.ಮೀ. ಸಾಕಾಗುತ್ತದೆ. ಉಪಗ್ರಹದ ಶಕ್ತಿ ಹೆಚ್ಚಾಗಿದೆ, ಬಳಸುವ ತರಂಗದ ಉದ್ದ ಕಡಿಮೆಯಾಗಿದೆ, ಸಿಗ್ನಲ್ ಡಿಜಿಟಲ್ ಆಗಿದೆ. ಡಿಶ್ ಚಿಕ್ಕದಾದದ್ದು ಈ ಮೂರೂ ಸೇರಿ.

## ಡಿಶ್ ತುದಿಯ ಪುಟ್ಟ ಡಬ್ಬಿ

ಚಾನೆಲ್‌ನ ಕಾರ್ಯಕ್ರಮ ಮೊದಲು ಒಂದು ಭೂಕೇಂದ್ರಕ್ಕೆ ಬರುತ್ತದೆ. ಅಲ್ಲಿ ಹತ್ತಾರು ಚಾನೆಲ್‌ಗಳನ್ನು ಕುಗ್ಗಿಸಿ, ಒಟ್ಟಿಗೆ ಕಟ್ಟಿ, ದೊಡ್ಡ ಆಂಟೆನಾದಿಂದ ಮೇಲಕ್ಕೆ ಕಳಿಸುತ್ತಾರೆ. ಉಪಗ್ರಹದಲ್ಲಿರುವ ಟ್ರಾನ್ಸ್‌ಪಾಂಡರ್ ಅದನ್ನು ಹಿಡಿದು, ಆವರ್ತನ ಬದಲಿಸಿ, ಬಲ ತುಂಬಿ ವಾಪಸ್ ಕೆಳಕ್ಕೆ ಬಿಡುತ್ತದೆ. ಮೇಲೆ ಹೋಗುವುದು ಸುಮಾರು 14 ಗಿಗಾಹರ್ಟ್ಸ್‌ನಲ್ಲಿ, ಕೆಳಗೆ ಬರುವುದು 11–12 ಗಿಗಾಹರ್ಟ್ಸ್‌ನಲ್ಲಿ. ಆವರ್ತನ ಯಾಕೆ ಬದಲಿಸಬೇಕು ಅಂದರೆ, ಒಂದೇ ಆಗಿದ್ದರೆ ಉಪಗ್ರಹ ತಾನು ಕಳಿಸುವ ಜೋರು ಸಿಗ್ನಲ್‌ನಲ್ಲಿ ಕೆಳಗಿನಿಂದ ಬರುವ ಸಣ್ಣ ಸಿಗ್ನಲ್ ಅನ್ನು ಕೇಳಿಸಿಕೊಳ್ಳುವುದೇ ಆಗುವುದಿಲ್ಲ.

ಒಂದು ಟ್ರಾನ್ಸ್‌ಪಾಂಡರ್‌ನ ಶಕ್ತಿ ಸಾಮಾನ್ಯವಾಗಿ 100ರಿಂದ 150 ವ್ಯಾಟ್. ಹಳೆ ಕಾಲದ ಒಂದು ಬಲ್ಬಿನಷ್ಟು. ಅಷ್ಟು ಶಕ್ತಿ ಇಡೀ ಒಂದು ದೇಶದ ಮೇಲೆ ಹರಡಿಕೊಳ್ಳಬೇಕು. ಹಾಗಾಗಿ ಮನೆಯ ಡಿಶ್‌ಗೆ ಬಂದು ಬೀಳುವುದು ತೀರಾ ಕ್ಷೀಣವಾದ ಸಿಗ್ನಲ್. ಡಿಶ್ ಅದನ್ನು ಒಟ್ಟುಗೂಡಿಸಿ, ಮುಂದೆ ಚಾಚಿದ ಕಂಬಿಯ ತುದಿಯಲ್ಲಿರುವ ಎಲ್‌ಎನ್‌ಬಿ ಎಂಬ ಪುಟ್ಟ ಡಬ್ಬಿಯ ಬಾಯಿಗೆ ಹಾಕುತ್ತದೆ. ಗಮನಿಸಿದ್ದರೆ, ಈ ಡಬ್ಬಿ ಡಿಶ್‌ನ ನಡುಮಧ್ಯದ ಎದುರಿಗೆ ಇರುವುದಿಲ್ಲ, ಕೆಳಗಡೆ ಇರುತ್ತದೆ. ಬರುವ ಸಿಗ್ನಲ್‌ಗೆ ಅದೇ ಅಡ್ಡ ಬರಬಾರದು ಅಂತ ಹೀಗೆ. ಇದರಿಂದಾಗಿ ಡಿಶ್ ಎದುರಿನ ಗೋಡೆಯನ್ನು ನೋಡುತ್ತಿರುವಂತೆ ಕಂಡರೂ, ನಿಜಕ್ಕೂ ಅದಕ್ಕಿಂತ 20–25 ಡಿಗ್ರಿ ಮೇಲಕ್ಕೆ ನೋಡುತ್ತಿರುತ್ತದೆ.

ಇಡೀ ವ್ಯವಸ್ಥೆಯಲ್ಲಿ ಈ ಡಬ್ಬಿಯಷ್ಟು ಜಾಣತನದ ವಸ್ತು ಇನ್ನೊಂದಿಲ್ಲ. 11 ಗಿಗಾಹರ್ಟ್ಸ್ ಸಿಗ್ನಲ್ ಅನ್ನು ಸಾಧಾರಣ ಕೇಬಲ್‌ಗೆ ಬಿಟ್ಟರೆ ಕೆಲವೇ ಮೀಟರ್‌ಗಳಲ್ಲಿ ಸತ್ತುಹೋಗುತ್ತದೆ. ಅದಕ್ಕೆ ಎಲ್‌ಎನ್‌ಬಿ ಸಿಗ್ನಲ್‌ಗೆ ಬಲ ತುಂಬಿ, ಆವರ್ತನದಿಂದ ಒಂದು ನಿಗದಿತ ಸಂಖ್ಯೆಯನ್ನು ಕಳೆಯುತ್ತದೆ. ಉದಾಹರಣೆಗೆ 10,950 ಮೆಗಾಹರ್ಟ್ಸ್‌ನಲ್ಲಿ ಬಂದದ್ದರಿಂದ 9,750 ಕಳೆದರೆ 1,200 ಉಳಿಯಿತು. ಇದು ಆರಾಮಾಗಿ ಕೇಬಲ್‌ನಲ್ಲಿ ಇಳಿದು ಬರುತ್ತದೆ. ಅದೇ ಕೇಬಲ್‌ನಲ್ಲಿ ಸೆಟ್‌ಟಾಪ್ ಬಾಕ್ಸ್ ಮೇಲಕ್ಕೆ ಕರೆಂಟನ್ನೂ ಕಳಿಸುತ್ತದೆ. 13 ವೋಲ್ಟ್ ಬಂದರೆ ಲಂಬವಾಗಿ ಕಂಪಿಸುವ ತರಂಗ ಹಿಡಿ, 18 ವೋಲ್ಟ್ ಬಂದರೆ ಅಡ್ಡಡ್ಡ ಕಂಪಿಸುವುದನ್ನು ಹಿಡಿ ಎಂದು ಅರ್ಥ. ಚಾನೆಲ್ ಬದಲಿಸಿದಾಗ ಮೇಲಿನ ಡಬ್ಬಿಗೆ ಆಜ್ಞೆ ಹೋಗುವುದು ಹೀಗೆ.

ಮಳೆ ಬಂದರೆ ಚಿತ್ರ ಯಾಕೆ ಹೋಗುತ್ತದೆ ಎನ್ನುವುದಕ್ಕೂ ಉತ್ತರ ಇಲ್ಲೇ ಇದೆ. ಈ ತರಂಗದ ಉದ್ದ ಸುಮಾರು ಎರಡೂವರೆ ಸೆಂ.ಮೀ. ದಪ್ಪ ಮಳೆಹನಿಗಳು ಅದನ್ನು ಹೀರಿಕೊಳ್ಳುತ್ತವೆ, ಚದುರಿಸುತ್ತವೆ. ಹಳೆಯ ಅನಲಾಗ್ ಟಿವಿಯಲ್ಲಿ ಚಿತ್ರ ನಿಧಾನಕ್ಕೆ ಮಸುಕಾಗುತ್ತಿತ್ತು. ಡಿಜಿಟಲ್‌ನಲ್ಲಿ ಹಾಗಲ್ಲ. ಸಿಗ್ನಲ್ ಒಂದು ಮಟ್ಟದವರೆಗೆ ಕುಸಿದರೂ ತಪ್ಪುಗಳನ್ನು ತಿದ್ದಿಕೊಂಡು ಚಿತ್ರ ಚೆನ್ನಾಗಿಯೇ ಬರುತ್ತದೆ. ಆ ಮಟ್ಟ ದಾಟಿತೋ, ಚೌಕ ಚೌಕವಾಗಿ ಒಡೆದು ಒಮ್ಮೆಲೇ ಮಾಯ. ಇನ್ನು ವರ್ಷಕ್ಕೆ ಎರಡು ಸಲ, ಹಗಲು ರಾತ್ರಿ ಸಮವಾಗುವ ದಿನಗಳ ಆಸುಪಾಸಿನಲ್ಲಿ ಸೂರ್ಯ ಸರಿಯಾಗಿ ಉಪಗ್ರಹದ ಹಿಂದೆ ಬರುತ್ತಾನೆ. ಆಗ ಕೆಲವು ದಿನ ಕೆಲವು ನಿಮಿಷ ಅವನ ರೇಡಿಯೋ ಸದ್ದಿನಲ್ಲಿ ಉಪಗ್ರಹದ ಸಿಗ್ನಲ್ ಮುಳುಗಿಹೋಗುತ್ತದೆ. ಆಕಾಶ ತಿಳಿಯಾಗಿದ್ದರೂ ಚಿತ್ರ ಹೋಗುವುದು ಇದರಿಂದ. ಡಿಶ್ ತಿರುಗಿಸಿ ಪ್ರಯೋಜನ ಇಲ್ಲ, ಸುಮ್ನೆ ಕಾಯಬೇಕು.

## ರೀಚಾರ್ಜ್ ಮಾಡಿದ್ದು ಉಪಗ್ರಹಕ್ಕೆ ಗೊತ್ತಿಲ್ಲ

ಡಿಶ್ ಸಿಗ್ನಲ್ ಅನ್ನು ತೆಗೆದುಕೊಳ್ಳುತ್ತದೆಯೇ ಹೊರತು ಕಳಿಸುವುದಿಲ್ಲ. ಯಾರು ನೋಡುತ್ತಿದ್ದಾರೆ, ಯಾರು ದುಡ್ಡು ಕಟ್ಟಿದ್ದಾರೆ ಎನ್ನುವುದು ಉಪಗ್ರಹಕ್ಕೆ ತಿಳಿಯುವ ದಾರಿಯೇ ಇಲ್ಲ. ಎಲ್ಲ ಚಾನೆಲ್‌ಗಳೂ ಬೀಗ ಹಾಕಿಕೊಂಡು ಎಲ್ಲ ಡಿಶ್‌ಗಳಿಗೂ ಸದಾ ಬೀಳುತ್ತಿರುತ್ತವೆ. ಬೀಗ ತೆಗೆಯುವ ಅನುಮತಿ ಇರುವುದು ಬಾಕ್ಸ್‌ನಲ್ಲಿ.

ರೀಚಾರ್ಜ್ ಮಾಡಿದಾಗ ಕಂಪನಿ ಆ ಬಾಕ್ಸ್‌ನ ಸಂಖ್ಯೆ ಹೊತ್ತ ಒಂದು ಸಂದೇಶವನ್ನು ಉಪಗ್ರಹದ ಮೂಲಕವೇ ಬಿಡುತ್ತದೆ. ಅದು ಎಲ್ಲ ಬಾಕ್ಸ್‌ಗಳಿಗೂ ಹೋಗುತ್ತದೆ, ಆದರೆ ಆ ಸಂಖ್ಯೆಯ ಬಾಕ್ಸ್ ಮಾತ್ರ ಅದನ್ನು ತೆಗೆದುಕೊಳ್ಳುತ್ತದೆ. ರೀಚಾರ್ಜ್ ಆದಮೇಲೆ ಬಾಕ್ಸ್ ಆನ್ ಮಾಡಿಡಿ ಎಂದು ಹೇಳುವುದು ಇದಕ್ಕೇ. ಬಾಕ್ಸ್ ಆಫ್ ಇದ್ದರೆ ಸಂದೇಶ ಬಂದದ್ದೂ ಗೊತ್ತಾಗುವುದಿಲ್ಲ, ಹೋದದ್ದೂ ಗೊತ್ತಾಗುವುದಿಲ್ಲ.

ಇದು ಸಣ್ಣ ವಿವರ ಅನಿಸಬಹುದು. ಆದರೆ ಉಪಗ್ರಹ ಟಿವಿಯ ಬಲ, ದೌರ್ಬಲ್ಯ ಎರಡೂ ಇದರಲ್ಲೇ ಇವೆ. ಒಂದೇ ದಿಕ್ಕಿನ ಹರಿವು ಆದ್ದರಿಂದ ಎಷ್ಟು ಜನ ಬೇಕಾದರೂ ನೋಡಬಹುದು. ಅದೇ ಕಾರಣಕ್ಕೆ, ನನಗೆ ಬೇಕಾದದ್ದು ಬೇಕಾದಾಗ ಕೊಡು ಎಂದು ಅದನ್ನು ಕೇಳಲು ಬರುವುದಿಲ್ಲ.

## ನಿಮ್ಮ ಮನೆಗೆ ಬರುತ್ತಿರುವುದು ಯಾವುದು?

ಉಪಗ್ರಹ ಟಿವಿ ಅಂದಕೂಡಲೇ ನೆನಪಾಗುವುದು ದುಡ್ಡು ಕಟ್ಟಿ ನೋಡುವ ಡಿಟಿಎಚ್. ಅದೇ ಬಗೆಯ ಡಿಶ್‌ನಲ್ಲಿ ಬೀಗ ಇಲ್ಲದ ಉಚಿತ ಚಾನೆಲ್‌ಗಳನ್ನು ನೋಡುವ ಸೇವೆಯೂ ಹಲವು ದೇಶಗಳಲ್ಲಿದೆ. ಅಲ್ಲಿ ಬಾಕ್ಸ್ ಕೊಳ್ಳುವುದು ಬಿಟ್ಟರೆ ತಿಂಗಳ ಖರ್ಚಿಲ್ಲ. ಚಾನೆಲ್‌ಗಳು ಜಾಹೀರಾತಿನಿಂದಲೋ ಸರ್ಕಾರದ ಹಣದಿಂದಲೋ ನಡೆಯುತ್ತವೆ.

ಕೇಬಲ್ ಹಾಕಿಸಿಕೊಂಡವರು ನಮಗೂ ಉಪಗ್ರಹಕ್ಕೂ ಸಂಬಂಧ ಇಲ್ಲ ಅಂದುಕೊಂಡಿರುತ್ತಾರೆ. ಇದೆ. ಕೇಬಲ್ ಆಪರೇಟರ್‌ಗೆ ಚಾನೆಲ್‌ಗಳು ಬಹುಮಟ್ಟಿಗೆ ಉಪಗ್ರಹದಿಂದಲೇ ಬರುತ್ತವೆ. ಅದಕ್ಕೆ ಹೆಚ್ಚಾಗಿ ಬಳಕೆಯಾಗುವುದು ಸಿ ಬ್ಯಾಂಡ್, ಅಂದರೆ 4 ಗಿಗಾಹರ್ಟ್ಸ್ ಆಸುಪಾಸಿನ ತರಂಗ. ಅದರ ಉದ್ದ ಸುಮಾರು ಏಳೂವರೆ ಸೆಂ.ಮೀ., ಹಾಗಾಗಿ ಮಳೆಗೆ ಸುಲಭವಾಗಿ ಬಗ್ಗುವುದಿಲ್ಲ. ದೊಡ್ಡ ಡಿಶ್ ಬೇಕು, ಆದರೆ ಊರಿಗೊಂದು ಇದ್ದರೆ ಸಾಕು.

ಈಚೆಗೆ ಬಂದಿರುವುದು ಎರಡೂ ಸೇರಿದ ಬಾಕ್ಸ್. ಲೈವ್ ಚಾನೆಲ್ ಡಿಶ್‌ನಿಂದ, ಸಿನಿಮಾ ಮತ್ತು ಹಳೆಯ ಕಂತುಗಳು ಬ್ರಾಡ್‌ಬ್ಯಾಂಡ್‌ನಿಂದ. ಡಿಶ್ ಪೂರ್ತಿ ಬಿಟ್ಟು ಇಂಟರ್ನೆಟ್‌ನಲ್ಲೇ ಎಲ್ಲ ಕೊಡುವುದು ಇದರ ಮುಂದಿನ ಹೆಜ್ಜೆ.

## ಹೊಸ ಉಪಗ್ರಹಗಳು ಟಿವಿಗಾಗಿ ಹಾರುತ್ತಿಲ್ಲ

ಸ್ಟಾರ್‌ಲಿಂಕ್‌ನಂಥ ಇಂಟರ್ನೆಟ್ ಸೇವೆಯ ಉಪಗ್ರಹಗಳು ಇರುವುದು ಸುಮಾರು 550 ಕಿ.ಮೀ. ಎತ್ತರದಲ್ಲಿ. ಅಷ್ಟು ಕೆಳಗಿದ್ದರೆ ಒಂದೇ ಕಡೆ ನಿಲ್ಲಲು ಆಗುವುದಿಲ್ಲ. ಒಂದು ಉಪಗ್ರಹ ಕೆಲವೇ ನಿಮಿಷಗಳಲ್ಲಿ ನೆತ್ತಿ ದಾಟಿಹೋಗುತ್ತದೆ, ಇನ್ನೊಂದು ಬರುತ್ತದೆ. ಅದಕ್ಕೇ ಸಾವಿರಾರು ಬೇಕು. ಅದಕ್ಕೇ ಅದರ ಆಂಟೆನಾ ಚಪ್ಪಟೆ ಹಲಗೆಯ ಹಾಗಿದ್ದು, ಅಲ್ಲಾಡದೆಯೇ ತನ್ನ ನೋಟವನ್ನು ಎಲೆಕ್ಟ್ರಾನಿಕ್ ಆಗಿ ತಿರುಗಿಸುತ್ತಿರುತ್ತದೆ. ಅದು ಸಿಗ್ನಲ್ ಕಳಿಸುತ್ತದೆ ಕೂಡ.

ಇಷ್ಟು ಕಷ್ಟಪಟ್ಟು ಕೆಳಗೆ ಇಡುವುದು ಯಾಕೆ? 36 ಸಾವಿರ ಕಿ.ಮೀ. ಹೋಗಿಬರಲು ಬೆಳಕಿಗೂ ಕಾಲು ಸೆಕೆಂಡ್ ಬೇಕು. ಪ್ರಶ್ನೆ ಕಳಿಸಿ ಉತ್ತರ ಪಡೆಯಲು ಅರ್ಧ ಸೆಕೆಂಡ್. ವಿಡಿಯೊ ಕಾಲ್ ಮಾಡುವವರಿಗೆ ಇದು ಕಿರಿಕಿರಿ. ಟಿವಿ ನೋಡುವವರಿಗೆ ಗೊತ್ತೂ ಆಗುವುದಿಲ್ಲ. ಅಂದರೆ ಟಿವಿಗೆ ದೂರ ಒಂದು ಸಮಸ್ಯೆಯೇ ಆಗಿರಲಿಲ್ಲ.

ಹಾಗಾದರೆ ಆ ಸೇವೆ ಹಾಕಿಸಿದರೆ ಟಿವಿ ಚಾನೆಲ್ ಬರುತ್ತದೆಯೇ? ತಾನಾಗಿಯೇ ಬರುವುದಿಲ್ಲ. ಬರುವುದು ಇಂಟರ್ನೆಟ್. ಅದರ ಮೇಲೆ ಆ್ಯಪ್ ಹಾಕಿಕೊಂಡು, ಅದರ ಚಂದಾ ಬೇರೆಯಾಗಿ ಕಟ್ಟಿ ನೋಡಬೇಕು. ಹಳೆಯ ಡಿಶ್ ಅನ್ನು ಅದರ ಕಡೆ ತಿರುಗಿಸಿ ಉಪಯೋಗಿಸಲೂ ಬರುವುದಿಲ್ಲ.

## ಒಬ್ಬರು ನೋಡಿದರೂ ಅಷ್ಟೇ, ಕೋಟಿ ಜನ ನೋಡಿದರೂ ಅಷ್ಟೇ

ವಾದ ಬಿಸಿಯಾಗುವುದು ಇಲ್ಲಿ. ಒಂದು ಎಚ್‌ಡಿ ಚಾನೆಲ್‌ಗೆ ಸೆಕೆಂಡಿಗೆ 5 ಮೆಗಾಬಿಟ್ ಬೇಕು ಅಂದುಕೊಳ್ಳೋಣ. ಉಪಗ್ರಹದಲ್ಲಿ ಅದನ್ನು ಒಬ್ಬರು ನೋಡಿದರೂ 5 ಮೆಗಾಬಿಟ್, ಒಂದು ಕೋಟಿ ಜನ ನೋಡಿದರೂ 5 ಮೆಗಾಬಿಟ್. ಇಂಟರ್ನೆಟ್‌ನಲ್ಲಿ ಒಬ್ಬೊಬ್ಬರಿಗೂ ಒಂದೊಂದು ಪ್ರತಿ ಹೋಗಬೇಕು. ಒಂದು ಕೋಟಿ ಜನಕ್ಕೆ 5 ಕೋಟಿ ಮೆಗಾಬಿಟ್, ಅಂದರೆ ಸೆಕೆಂಡಿಗೆ 50 ಟೆರಾಬಿಟ್. ದೊಡ್ಡ ಪಂದ್ಯದ ಕೊನೆ ಗಳಿಗೆಯಲ್ಲಿ ಆ್ಯಪ್‌ಗಳು ತತ್ತರಿಸುವುದು ಈ ಹೊರೆಗೆ. ಉಪಗ್ರಹದವರು ಮುಂದಿಡುವ ಬಲವಾದ ವಾದ ಇದೇ. ಜೊತೆಗೆ ಇನ್ನೆರಡು ಮಾತು ಸೇರಿಸುತ್ತಾರೆ. ಗುಡ್ಡಗಾಡು, ದ್ವೀಪ, ಒಂಟಿ ಮನೆ, ಎಲ್ಲಿಗೂ ಒಂದೇ ಖರ್ಚಿನಲ್ಲಿ ತಲುಪುತ್ತೇವೆ ಎನ್ನುವುದು ಒಂದು. ಪ್ರವಾಹ, ಭೂಕಂಪದಲ್ಲಿ ನೆಲದ ಕೇಬಲ್ ತುಂಡಾದರೂ ನಾವು ಇರುತ್ತೇವೆ ಎನ್ನುವುದು ಇನ್ನೊಂದು.

ಇಂಟರ್ನೆಟ್‌ನವರ ಉತ್ತರವೂ ಸುಳ್ಳಲ್ಲ. ಪ್ರತಿಯನ್ನು ಒಂದೇ ಕಡೆಯಿಂದ ಕಳಿಸುವುದಿಲ್ಲ, ಊರೂರಿನ ಹತ್ತಿರ ಸರ್ವರ್ ಇಟ್ಟು ಅಲ್ಲಿಂದ ಹಂಚುತ್ತೇವೆ ಅನ್ನುತ್ತಾರೆ. ಬ್ರಾಡ್‌ಬ್ಯಾಂಡ್ ಹೇಗೂ ಮನೆಗೆ ಬಂದಿದೆ, ಅದರ ಮೇಲೆ ಟಿವಿ ಕೊಡಲು ಹೊಸ ಖರ್ಚು ಕಡಿಮೆ. ಎಲ್ಲಕ್ಕಿಂತ ಮುಖ್ಯವಾಗಿ, ಜನ ನೋಡುವ ರೀತಿಯೇ ಬದಲಾಗಿದೆ. ಎಲ್ಲರೂ ಒಂದೇ ಹೊತ್ತಿಗೆ ಒಂದೇ ಚಾನೆಲ್ ಮುಂದೆ ಕೂರುವುದು ಪಂದ್ಯ, ಚುನಾವಣೆ, ದೊಡ್ಡ ಸುದ್ದಿಗಳಿಗೆ ಮಾತ್ರ ಎನ್ನುವ ಹಾಗಾಗಿದೆ. ಉಳಿದ ಹೊತ್ತಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಬೇಕು. ಅದನ್ನು ಕೊಡಲು ಡಿಶ್‌ಗೆ ಆಗುವುದಿಲ್ಲ.

ಎಲ್ಲರೂ ಒಟ್ಟಿಗೆ ನೋಡುವುದಕ್ಕೆ ಉಪಗ್ರಹವನ್ನು ಮೀರಿಸುವಂಥದ್ದು ಈಗಲೂ ಇಲ್ಲ ಎಂದೇ ನನ್ನ ಅಭಿಪ್ರಾಯ. ಆದರೆ ಒಟ್ಟಿಗೆ ನೋಡುವ ಹೊತ್ತು ಕಡಿಮೆಯಾದ ಹಾಗೆಲ್ಲ ಆ ಬಲಕ್ಕೆ ಬೆಲೆ ಕೊಡುವವರೂ ಕಡಿಮೆಯಾಗುತ್ತಾರೆ.

## ತರಂಗದ ಮೇಲೆ ಮೊಬೈಲ್‌ನವರ ಕಣ್ಣು

ಮೂರನೆಯ ಪಾಲುದಾರರು ಮೊಬೈಲ್ ಕಂಪನಿಗಳು. ಕೇಬಲ್‌ಗೆ ಚಾನೆಲ್ ತರುತ್ತಿದ್ದ ಸಿ ಬ್ಯಾಂಡ್ 5ಜಿಗೂ ಹೇಳಿಮಾಡಿಸಿದಂತಿದೆ. ತಕ್ಕಮಟ್ಟಿಗೆ ದೂರ ಹೋಗುತ್ತದೆ, ಜಾಸ್ತಿ ಡೇಟಾನೂ ಹೊರುತ್ತದೆ. ಅಮೆರಿಕದಲ್ಲಿ ಈ ಬ್ಯಾಂಡ್‌ನ 280 ಮೆಗಾಹರ್ಟ್ಸ್ ಪಾಲು 2021ರಲ್ಲಿ ಮುಗಿದ ಹರಾಜಿನಲ್ಲಿ 8,000 ಕೋಟಿ ಡಾಲರ್‌ಗೂ ಹೆಚ್ಚಿಗೆ ಹೋಯಿತು. ಜಾಗ ಬೇಗ ಖಾಲಿ ಮಾಡಿದ್ದಕ್ಕೆ ಉಪಗ್ರಹ ಕಂಪನಿಗಳಿಗೆ ಸಿಕ್ಕ ಪ್ರೋತ್ಸಾಹಧನವೇ ಸುಮಾರು 970 ಕೋಟಿ ಡಾಲರ್. ಟಿವಿ ಕಳಿಸಿ ಸಂಪಾದಿಸುವುದಕ್ಕಿಂತ ತರಂಗ ಬಿಟ್ಟುಕೊಟ್ಟು ಸಂಪಾದಿಸುವುದು ಲಾಭ ಎಂಬ ಸ್ಥಿತಿ ಬಂದರೆ ಯಾವ ಕಂಪನಿಯ ಮನಸ್ಸೂ ಆ ಕಡೆ ವಾಲುತ್ತದೆ, ಅಲ್ವಾ?

ಬ್ರೆಜಿಲ್‌ನಲ್ಲಿ ಇದರ ಪೆಟ್ಟು ನೇರವಾಗಿ ಮನೆಗಳಿಗೆ ತಗುಲಬೇಕಿತ್ತು. ಅಲ್ಲಿ ಲಕ್ಷಾಂತರ ಮನೆಗಳು ದೊಡ್ಡ ಡಿಶ್ ಇಟ್ಟುಕೊಂಡು ಸಿ ಬ್ಯಾಂಡ್‌ನ ಉಚಿತ ಚಾನೆಲ್‌ಗಳನ್ನು ನೋಡುತ್ತಿದ್ದವು. ಪಕ್ಕದ ತರಂಗದಲ್ಲಿ 5ಜಿ ಟವರ್ ಶುರುವಾದರೆ ಉಪಗ್ರಹದ ಕ್ಷೀಣ ಸಿಗ್ನಲ್‌ಗೆ ಕಾದು ಕುಳಿತ ಎಲ್‌ಎನ್‌ಬಿ ಆ ಅಬ್ಬರಕ್ಕೆ ಕಿವುಡಾಗುತ್ತದೆ. ಅದಕ್ಕೆ 2021ರ ನವೆಂಬರ್‌ನ 5ಜಿ ಹರಾಜಿನಲ್ಲೇ ಒಂದು ಷರತ್ತು ಹಾಕಿದರು. ಉಚಿತ ಚಾನೆಲ್‌ಗಳನ್ನು ಸಣ್ಣ ಡಿಶ್‌ನ ಬ್ಯಾಂಡ್‌ಗೆ ಸಾಗಿಸಬೇಕು. ಬಡ ಕುಟುಂಬಗಳಿಗೆ ಹೊಸ ಡಿಶ್ ಮತ್ತು ಬಾಕ್ಸ್ ಅನ್ನು ಮೊಬೈಲ್ ಕಂಪನಿಗಳ ಹಣದಿಂದಲೇ ಉಚಿತವಾಗಿ ಕೊಡಬೇಕು. ತರಂಗ ಬದಲಿಸುವಾಗ ನೋಡುಗರನ್ನು ನಡುನೀರಿನಲ್ಲಿ ಕೈಬಿಡದೆ ಇರಲು ಸಾಧ್ಯ ಎಂದು ತೋರಿಸಿದ ಉದಾಹರಣೆ ಇದು.

## ಉಳಿದವರ ಮೇಲೆ ಬೀಳುವ ಹೊರೆ

ಉಪಗ್ರಹದ ಖರ್ಚು ನೋಡುಗರ ಸಂಖ್ಯೆಯ ಜೊತೆ ಏರುವುದಿಲ್ಲ ಎಂದೆವು. ಅದು ಇಳಿಯುವುದೂ ಇಲ್ಲ. ಕಟ್ಟುವ, ಹಾರಿಸುವ, ವಿಮೆ ಮಾಡಿಸುವ, ಭೂಕೇಂದ್ರ ನಡೆಸುವ ಖರ್ಚು ಅಷ್ಟೇ ಇರುತ್ತದೆ. ಒಳ್ಳೆಯ ಬ್ರಾಡ್‌ಬ್ಯಾಂಡ್ ಸಿಗುವ ನಗರದವರು ಮೊದಲು ಡಿಶ್ ಬಿಡುತ್ತಾರೆ. ಅದೇ ಖರ್ಚನ್ನು ಈಗ ಕಡಿಮೆ ಜನ ಹೊರಬೇಕು. ಚಂದಾ ಏರುತ್ತದೆ, ಅಥವಾ ಚಾನೆಲ್ ಕಡಿಮೆಯಾಗುತ್ತವೆ. ಎರಡರಲ್ಲಿ ಯಾವುದಾದರೂ ಇನ್ನಷ್ಟು ಜನ ಬಿಡುತ್ತಾರೆ.

ಕೊನೆಗೆ ಉಳಿಯುವವರು ಬೇರೆ ದಾರಿ ಇಲ್ಲದವರು. ಬ್ರಾಡ್‌ಬ್ಯಾಂಡ್ ಬಾರದ ಊರಿನವರು, ಆ್ಯಪ್ ಬಳಸಲು ಕಷ್ಟಪಡುವ ವಯಸ್ಸಾದವರು, ತಿಂಗಳಿಗೆ ಎರಡು ಬಿಲ್ ಕಟ್ಟಲಾಗದವರು. ಚಾನೆಲ್‌ಗಳಲ್ಲೂ ಹಾಗೆಯೇ. ದೊಡ್ಡ ಚಾನೆಲ್‌ಗಳು ಸ್ವಂತ ಆ್ಯಪ್ ಮಾಡಿಕೊಂಡು ದಾಟಿಕೊಳ್ಳುತ್ತವೆ. ಸಣ್ಣ ಭಾಷೆಯ, ಸಣ್ಣ ಬಂಡವಾಳದ ಚಾನೆಲ್‌ಗಳಿಗೆ ಟ್ರಾನ್ಸ್‌ಪಾಂಡರ್ ಬಾಡಿಗೆಯೂ ಭಾರ, ಸಾವಿರಾರು ಆ್ಯಪ್‌ಗಳ ನಡುವೆ ಕಾಣಿಸಿಕೊಳ್ಳುವುದೂ ಭಾರ. ಮಾರುಕಟ್ಟೆ ತಾನೇ ಸರಿಮಾಡಿಕೊಳ್ಳುತ್ತದೆ ಎನ್ನುವ ಮಾತನ್ನು ನಾನು ಒಪ್ಪದಿರುವುದು ಇವರಿಗಾಗಿ.

## ಇಂಧನ ಮುಗಿಯುವ ದಿನ

ಈ ಲೆಕ್ಕಕ್ಕೆ ಒಂದು ಗಡುವೂ ಇದೆ. ಸೂರ್ಯ, ಚಂದ್ರರ ಸೆಳೆತಕ್ಕೆ ಟಿವಿ ಉಪಗ್ರಹ ಸದಾ ತನ್ನ ಜಾಗದಿಂದ ಜಾರುತ್ತಿರುತ್ತದೆ. ಆಗಾಗ ಸಣ್ಣ ಎಂಜಿನ್ ಉರಿಸಿ ಅದನ್ನು ಸರಿಯಾದ ಜಾಗಕ್ಕೆ ತಳ್ಳಬೇಕು. ಅದಕ್ಕೆ ಬೇಕಾದ ಇಂಧನ ಸುಮಾರು 15 ವರ್ಷಕ್ಕೆ ಸಾಕಾಗುವಷ್ಟು ಇರುತ್ತದೆ. ಮುಗಿಯುವ ಮೊದಲು ಉಳಿದ ಇಂಧನದಲ್ಲೇ ಅದನ್ನು ಸುಮಾರು 300 ಕಿ.ಮೀ. ಮೇಲಕ್ಕೆ ಸರಿಸಿ, ದಾರಿ ಬಿಟ್ಟು ನಿಲ್ಲಿಸಬೇಕು. ಡಿಶ್ ನೆಟ್‌ವರ್ಕ್ 2002ರಲ್ಲಿ ಹಾರಿದ್ದ ಎಕೋಸ್ಟಾರ್-7 ಉಪಗ್ರಹವನ್ನು ಇಂಧನ ಸಾಲದೆ 122 ಕಿ.ಮೀ. ಮೇಲಕ್ಕಷ್ಟೇ ಸರಿಸಿತು. ಅದಕ್ಕೆ ಅಮೆರಿಕದ ಸಂಪರ್ಕ ಆಯೋಗ 2023ರಲ್ಲಿ 1.5 ಲಕ್ಷ ಡಾಲರ್ ದಂಡ ಹಾಕಿತು. ಬಾಹ್ಯಾಕಾಶದ ಕಸಕ್ಕೆ ಆ ಆಯೋಗ ಹಾಕಿದ ಮೊದಲ ದಂಡ ಅದು.

ಹಾಗಾಗಿ ಉಪಗ್ರಹ ಟಿವಿಯನ್ನು ಯಾರೂ ಒಂದು ದಿನ ಬಾಗಿಲು ಹಾಕಿ ಮುಚ್ಚಬೇಕಾಗಿಲ್ಲ. ಹಳೆಯದರ ಇಂಧನ ಮುಗಿಯುತ್ತಾ ಬಂದಾಗ ಹೊಸದಕ್ಕೆ ಆರ್ಡರ್ ಕೊಡದೆ ಸುಮ್ಮನಿದ್ದರೆ ಸಾಕು. ಹೊಸ ಉಪಗ್ರಹ ಕಟ್ಟಿ ಹಾರಿಸಲು ಎರಡು ಮೂರು ವರ್ಷವಾದರೂ ಹಿಡಿಯುತ್ತದೆ. ಮುಂದಿನ ದಶಕದ ಶುರುವಿನಲ್ಲಿ ಬದಲಾಯಿಸಬೇಕಾದ ಉಪಗ್ರಹಗಳ ಬಗ್ಗೆ ತೀರ್ಮಾನ ಆಗಬೇಕಾದದ್ದು ಈಗ. ಅದು ಆಗುವುದು ಕಂಪನಿಗಳ ಆಡಳಿತ ಮಂಡಳಿಯ ಕೋಣೆಯಲ್ಲಿ, ನೋಡುಗರಿಗೆ ಗೊತ್ತಾಗದ ಹಾಗೆ.

ನಿಯಂತ್ರಣ ಸಂಸ್ಥೆಗಳು ಕಡ್ಡಾಯ ಮಾಡಬೇಕಾದದ್ದು ದೊಡ್ಡದೇನಲ್ಲ. ಪ್ರತಿ ಡಿಟಿಎಚ್ ಸೇವೆಯೂ ತಾನು ಯಾವ ಉಪಗ್ರಹ ಬಳಸುತ್ತಿದೆ, ಅದರ ಆಯಸ್ಸು ಯಾವ ವರ್ಷಕ್ಕೆ ಮುಗಿಯುತ್ತದೆ, ಬದಲಿ ಉಪಗ್ರಹಕ್ಕೆ ಆರ್ಡರ್ ಆಗಿದೆಯೇ ಎನ್ನುವುದನ್ನು ಗ್ರಾಹಕರಿಗೆ ತಿಳಿಸಬೇಕು. ಬದಲಿ ಇಲ್ಲ ಎಂದಾದರೆ ಕನಿಷ್ಠ ಮೂರು ವರ್ಷ ಮೊದಲೇ ಹೇಳಬೇಕು. ಅಷ್ಟು ಸಮಯ ಸಿಕ್ಕರೆ ಬ್ರಾಡ್‌ಬ್ಯಾಂಡ್ ಇಲ್ಲದ ಊರುಗಳಿಗೆ ಅದನ್ನು ತಲುಪಿಸಲು ಅಥವಾ ಉಚಿತ ಚಾನೆಲ್‌ಗಳನ್ನು ಬೇರೆ ಉಪಗ್ರಹಕ್ಕೆ ಸಾಗಿಸಲು ಕಾಲಾವಕಾಶ ಇರುತ್ತದೆ.